ಲೂರ್ದು ಕಂಡ ಚಿತ್ರಗಳು

ಹೊಳೆನರಸೀಪುರದಲ್ಲಿ ಮುದ್ದಮ್ಮನಿಗೆ ಮನೆಮನೆಯ ಭತ್ತ ಕುಟ್ಟುವ ಕೆಲಸ. ಗಂಡ ಜ್ವರದಲ್ಲಿ ತೀರಿಹೋದ ಮೇಲೆ ಅವಳ ಪಾಲಿಗೆ ಉಳಿದದ್ದು ಎಂಟು ವರ್ಷದ ಮಗಳು ಲೂರ್ದಮ್ಮ, ಮತ್ತು ಹಾಸನದಿಂದ ಪಾದ್ರಿಗಳು ಆಗಾಗ ಬಂದು ಪೂಜೆ ಮಾಡುವ ಪುಟ್ಟ ಚರ್ಚು. ತಾಯಿ ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ರೇವಮ್ಮ, ಅಂಗಡಿ ರುದ್ರಯ್ಯನವರ ಹೆಂಡತಿ, ಮಗುವನ್ನು ನೋಡಿಕೊಳ್ಳುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಸುಗ್ಗಿಯ ಹೊತ್ತಿಗೆ, ಲೂರ್ದು ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ಅನ್ನದ ಮುಂದೆ ಕೂತರೆ ಓಕರಿಸುತ್ತಿದ್ದಳು. ಹೊತ್ತು ಇಳಿಯುತ್ತಲೇ ತಾಯಿಯ ಸೆರಗು ಹಿಡಿದರೆ ಬಿಡುತ್ತಿರಲಿಲ್ಲ. ಮುದ್ದಮ್ಮನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಗಂಡನಿಗೂ ಹೀಗೇ ಶುರುವಾಗಿತ್ತು. ಮೊದಲು ಊಟ ಸೇರಲಿಲ್ಲ, ಆಮೇಲೆ ಮಾತು ನಿಂತಿತು.

ಪೂಜೆಯ ದಿನ ಆದದ್ದು ಇನ್ನೂ ಭಯಂಕರ. ಚರ್ಚಿನ ಬಾಗಿಲು ದಾಟಿ, ಶಿಲುಬೆಯ ಮೇಲಿನ ಮೊಳೆ ಹೊಡೆದ ಕೈಗಳನ್ನು ಕಂಡದ್ದೇ ತಡ, ಹುಡುಗಿ ಚಿಟ್ಟನೆ ಚೀರಿ, ತಾಯಿಯ ಕೈ ಕೊಸರಿಕೊಂಡು ಬೀದಿಗೆ ಓಡಿದಳು. ಶಿಲುಬೆಗೆ ಹೆದರುವುದು ದೆವ್ವ ಹಿಡಿದವರು ಮಾತ್ರ ಎಂದು ಯಾರೋ ಪಿಸುಗುಟ್ಟಿದ್ದು ಮುದ್ದಮ್ಮನ ಕಿವಿಗೆ ಬಿತ್ತು. ರೇವಮ್ಮ ವಿಷಯ ತಿಳಿದು, ಗಾಳಿ ಸೋಕಿರಬೇಕು, ಹಳೇಕೋಟೆಯಲ್ಲಿ ತಾಯತ ಕಟ್ಟುವವರಿದ್ದಾರೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ಮುದ್ದಮ್ಮ ಬೇಡವೆನ್ನಲಿಲ್ಲ. ದೇವರನ್ನೇ ಕಂಡು ಹೆದರುವ ಮಗುವಿಗಾಗಿ ಆ ದೇವರನ್ನು ಏನೆಂದು ಬೇಡುವುದು?

ಆ ಮಧ್ಯಾಹ್ನ ವಯಸ್ಸಾದ ಪಾದ್ರಿಗಳು ಮನೆಗೆ ಬಂದರು. ಹೊಸಿಲಲ್ಲೇ ಕೊರಳಿನ ಶಿಲುಬೆಯನ್ನು ತೆಗೆದು ಜೇಬಿಗೆ ಹಾಕಿಕೊಂಡು, ಮಗುವಿನಿಂದ ದೂರ ನೆಲದ ಮೇಲೆ ಕೂತರು. ಇದು ದೆವ್ವವಲ್ಲ, ಏನನ್ನೋ ಕಂಡು ಬೆದರಿದ ಕಣ್ಣು ಎಂದರು. ಗದರಬೇಡ, ಕೆದಕಬೇಡ, ಜೊತೆಗಿರು. ತಾನಾಗಿ ಹೇಳಿದ ದಿನ ಪೂರ್ತಿ ಕೇಳು ಎಂದು ಹೇಳಿ ಹೋದರು.

ಮುದ್ದಮ್ಮ ತಾಯತದ ಮಾತು ಬಿಟ್ಟು, ಅಂದಿನಿಂದ ಮಗಳನ್ನು ಕೆಲಸದ ಮನೆಗಳಿಗೂ ಕರೆದೊಯ್ದಳು. ಒಂದು ಬೆಳಗ್ಗೆ ತಾಯಿ ಅಕ್ಕಿ ಕೇರುತ್ತಿದ್ದಾಗ ಲೂರ್ದು ತಾನಾಗಿಯೇ ಬಾಯಿಬಿಟ್ಟಳು.

"ಅವ್ವ, ಅವ್ರ್ ಕೈಗೂ ರಕ್ತ ಆಗಿತ್ತು."

"ಯಾರ್ದು ಮಗ?"

"ಪೋಟೋದಲ್ಲಿರೋರ್ದು. ತಲೇನೇ ಇರ್ನಿಲ್ಲ ಕಣವ್ವ."

ಲೂರ್ದು ಬಿಟ್ಟು ಬಿಟ್ಟು ಎಲ್ಲ ಹೇಳಿದಳು. ಎದುರುಮನೆಯ ಚನ್ನಪ್ಪ ಯುದ್ಧದಲ್ಲಿ ಬರ್ಮಾದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವನು. ಅಲ್ಲಿಂದ ತಂದ ಹೆಣಗಳ ಚಿತ್ರಗಳನ್ನು ಜಗಲಿಯ ಮೇಲೆ ಹರಡಿ ಮಗುವಿಗೆ ತೋರಿಸಿದ್ದ. ಮುಖ ತಿರುಗಿಸಿದರೆ ಪುಕ್ಕಲಿ ಎಂದಿದ್ದ, ಮನೆಯಲ್ಲಿ ಹೇಳಬೇಡ ಎಂದೂ ಹೇಳಿದ್ದ. ಮುದ್ದಮ್ಮ ಮೊರ ಕೆಳಗಿಟ್ಟಳು. ಎಲ್ಲೂ ತಡೆಯದೆ ಪೂರ್ತಿ ಕೇಳಿದಳು.

"ನಿಂದೇನೂ ತಪ್ಪಿಲ್ಲ ಕಣೆ," ಎಂದಳು. "ನಮ್ ಸ್ವಾಮೀಗೂ ಅಂಗೇ ಇಂಸೆ ಮಾಡುದ್ರು. ಅದ್ಕೇ ನೊಂದೋರ್ನ ಅವ್ರು ಕೈಬಿಡಾಕಿಲ್ಲ."

ಮಗು ತಾಯಿಯ ಹತ್ತಿರ ಸರಿದು ಕೇಳಿತು. "ಪೋಟೋದಲ್ಲಿರೋರ್ನ ಯಾರೂ ಮಣ್ಣು ಮಾಡ್ನಿಲ್ವಾ?"

ಮುದ್ದಮ್ಮ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಳು. ಸಂಜೆ ಚನ್ನಪ್ಪನ ಬಾಗಿಲಿಗೆ ಹೋದಳು. ಜಮೀನುದಾರರ ಮನೆ, ಅವರ ಭತ್ತ ಕುಟ್ಟಿಯೇ ಅವಳ ಒಲೆ ಉರಿಯಬೇಕು. ಮಗುವಿಗೆ ಏನಾಗಿದೆಯೆಂದು ಹೇಳಿ, ಆ ಚಿತ್ರಗಳನ್ನು ಕೊಡಬೇಕೆಂದು ಕೇಳಿದಳು. ಅವನು ಮೊದಲು ನಕ್ಕ. ಅವಳು ಕದಲದೆ ನಿಂತಾಗ ಒಳಗೆ ಹೋಗಿ ಒಂದು ಬಟ್ಟೆಗಂಟು ತಂದ. ಅದನ್ನು ಅವಳ ಮುಂದೆ ಇಟ್ಟ.

"ನಂಗೂ ನಿದ್ದೆ ಇಲ್ಲ ಮುದ್ದಕ್ಕ. ಯಾರ್ಗಾರ ತೋರ್ಸುದ್ರೆ ಅಗುರಾಯ್ತದೆ ಅನ್ಕಂಡೆ."

ಅವಳಿಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಗಂಟು ತೆಗೆದುಕೊಂಡು ಹೊರಟಳು.

ಮರುದಿನ ಚರ್ಚಿನ ಹಿಂದಿನ ಸಮಾಧಿಗಳ ಪಕ್ಕದಲ್ಲಿ ತಾಯಿ ಮಗಳು ಗುಂಡಿ ತೋಡಿದರು. ಗಂಟನ್ನು ಬಿಚ್ಚದೆ ಒಳಗಿಟ್ಟು, ಮುದ್ದಮ್ಮ ಸತ್ತವರಿಗಾಗಿ ಹೇಳುವ ಜಪ ಹೇಳಿದಳು. ಲೂರ್ದು ಹಿಡಿ ಹಿಡಿಯಾಗಿ ಮಣ್ಣು ಹಾಕಿದಳು. ಬೇಲಿಯ ಆಚೆ ಚನ್ನಪ್ಪ ತಲೆಯ ವಸ್ತ್ರ ತೆಗೆದು ನಿಂತಿದ್ದ.

ಅಂದು ಮಗು ಅರ್ಧ ಮುದ್ದೆ ಉಂಡಿತು. ಆದರೆ ಹೆದರಿಕೆ ಒಂದೇ ದಿನಕ್ಕೆ ಬಿಟ್ಟುಹೋಗಲಿಲ್ಲ. ಪೂಜೆಯ ದಿನಗಳಲ್ಲಿ ಅವಳು ಚರ್ಚಿನ ಹೊಸಿಲಾಚೆಯೇ ಕೂರುತ್ತಿದ್ದಳು. ಪಾದ್ರಿಗಳು ಬಾಗಿಲು ತೆರೆದೇ ಇಡಿಸಿದರು, ಒಳಗೆ ಕರೆಯಲು ಯಾರನ್ನೂ ಬಿಡಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ದಿನ ಪೂಜೆಯ ನಡುವೆ ಲೂರ್ದು ಎದ್ದು ಒಳಗೆ ಬಂದು ತಾಯಿಯ ತೊಡೆಗೆ ಒರಗಿ ಕೂತಳು. ಶಿಲುಬೆಯ ಕಡೆ ನೋಡಲಿಲ್ಲ. ಮುದ್ದಮ್ಮನೂ ನೋಡು ಎನ್ನಲಿಲ್ಲ.