ಅಜ್ಜಿ ಗಂಟೆ ಹೊಡೆಯದ ಮಧ್ಯಾಹ್ನ

ಆ ಶಾಲೆ ಒಬ್ಬ ಹುಡುಗಿಗೆ ಇನ್ನೂ ನಲವತ್ತು ನಿಮಿಷ ಬಾಕಿ ಇಟ್ಟಿದೆ. ಏಳನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ನಲವತ್ತು ನಿಮಿಷ. ಅದನ್ನು ಕಸಿದ ಕೈ ಯಾರದು ಅಂದರೆ, ಅವಳ ಸ್ವಂತ ಅಜ್ಜಿಯದು.

ಅಜ್ಜಿ ಅದೇ ಶಾಲೆಯ ಆಯಾ. ಇಪ್ಪತ್ತಾರು ವರ್ಷದಿಂದ ಕಸ ಗುಡಿಸಿ, ಫಿನಾಯಿಲ್ ಹಾಕಿ ನೆಲ ಒರೆಸಿ, ಜಗಲಿಯಲ್ಲಿ ನೇತುಬಿದ್ದ ಕಬ್ಬಿಣದ ತುಂಡಿಗೆ ಹೊತ್ತು ಹೊತ್ತಿಗೆ ಸುತ್ತಿಗೆಯಲ್ಲಿ ಬಡಿಯುವುದು ಅವಳ ಕೆಲಸ. ಮಕ್ಕಳ ಬಾಯಲ್ಲಿ ಗಂಟೆಯಜ್ಜಿ. ಒಂದು ನಿಮಿಷ ಹಿಂದೆ ಮುಂದೆ ಆದವಳಲ್ಲ.

ಮೊಮ್ಮಗಳಿಗೆ ಡಿಸ್ಲೆಕ್ಸಿಯಾ. ಕಿವಿಗೆ ಬಿದ್ದ ಪಾಠ ಮರೆಯುವುದಿಲ್ಲ. ಅಚ್ಚಾದ ಅಕ್ಷರ ಮಾತ್ರ ಇರುವೆ ಸಾಲಿನ ಹಾಗೆ ಕದಲುತ್ತದೆ. ತಪಾಸಣೆ ಮಾಡಿದ ಡಾಕ್ಟರು ಪತ್ರ ಬರೆದುಕೊಟ್ಟಿದ್ದರು: ಪ್ರಶ್ನೆ ಓದಿ ಹೇಳಿ, ನಲವತ್ತು ನಿಮಿಷ ಹೆಚ್ಚು ಕೊಡಿ. ಹೆಡ್‌ಮಾಸ್ಟರು ಪತ್ರವನ್ನು ಡ್ರಾಯರಿಗೆ ತಳ್ಳಿ, "ಎಲ್ಲರಿಗೂ ಒಂದೇ ಗಂಟೆ" ಅಂದರು. ಅಜ್ಜಿ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆದಳು. ಹುಡುಗಿ ಅರ್ಧ ಹಾಳೆ ಬಿಟ್ಟು ಎದ್ದಳು, ಫೇಲಾದಳು.

"ನಂಗೆ ಎಲ್ಲಾ ಗೊತ್ತಿತ್ತು ಅಜ್ಜಿ. ನೀನು ಹೊಡೆದುಬಿಟ್ಟೆ."

ಅಜ್ಜಿ ಮೂರನೇ ಕ್ಲಾಸಿನಲ್ಲೇ ದಡ್ಡಿ ಅನ್ನಿಸಿಕೊಂಡು ಶಾಲೆ ಬಿಟ್ಟವಳು. ಅವಳಿಗೂ ಇದೇ ಇತ್ತೋ ಏನೋ. ಆಗ ಕೇಳುವವರೇ ಇರಲಿಲ್ಲ.

ಅವತ್ತಿನಿಂದ ಶಾಲೆ ಖಾಲಿಯಾದ ಮೇಲೆ ಅಜ್ಜಿ ಉದ್ದ ಜಗಲಿಯಲ್ಲಿ ಒದ್ದೆ ಮಾಪಿನಿಂದ ಆಳುದ್ದದ ಅಕ್ಷರ ಎಳೆಯತೊಡಗಿದಳು. ಹುಡುಗಿ ಬರಿಗಾಲಲ್ಲಿ ಅದರ ಗೆರೆಯ ಮೇಲೆ ನಡೆದು ಬಾಯಿಬಿಟ್ಟು ಹೇಳಬೇಕು.

"ಇದರ ಹೊಟ್ಟೆ ಯಾವ ಕಡೆಗಿದೆ, ನೋಡು."

"ನಿನ್ನ ಹಾಗೇ ಮುಂದಕ್ಕಿದೆ."

"ನನ್ನ ಹೊಟ್ಟೆ ಸುದ್ದಿ ಬಿಡು, ಕಾಲಿಡು ಬಜಾರಿ."

ಇಳಿಬಿಸಿಲಿಗೆ ಅಕ್ಷರ ಅಂಚಿನಿಂದ ಆರುತ್ತ ಬರುತ್ತಿತ್ತು, ಯಾರೋ ಮೆಲ್ಲಗೆ ಉಸಿರೆಳೆದುಕೊಂಡ ಹಾಗೆ. ತಪ್ಪು ನಡೆದರೂ ಅಷ್ಟೆ, ಸರಿ ನಡೆದರೂ ಅಷ್ಟೆ. ಕೆಂಪು ಶಾಯಿ ಇಲ್ಲ. ನೆಲ ಯಾವುದನ್ನೂ ನೆನಪಿಡುವುದಿಲ್ಲ, ಪಾದ ನೆನಪಿಟ್ಟುಕೊಂಡಿತು.

ವಾರ್ಷಿಕ ಪರೀಕ್ಷೆ ಬಂತು. ಈ ಸಲವೂ ಫೇಲಾದರೆ ಶಾಲೆ ಬಿಡಿಸಿ ಅಂತ ಹೆಡ್‌ಮಾಸ್ಟರು ಹುಡುಗಿಯ ಅಮ್ಮನಿಗೆ ಹೇಳಿಕಳಿಸಿದ್ದರು. ಪತ್ರದ ಬಗ್ಗೆ ಅಜ್ಜಿ ಮೂರು ಸಲ ಕೇಳಿದಳು. ಮೂರು ಸಲವೂ "ನೋಡೋಣ".

ಗಂಟೆ ಹೊಡೆಯುವ ಹೊತ್ತಾಯಿತು. ಅಜ್ಜಿ ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಗಂಟೆಯಾಗದೆ ಯಾರ ಹಾಳೆಗೂ ಕೈ ಹಾಕಬಾರದು ಎಂಬುದು ಹೆಡ್‌ಮಾಸ್ಟರದೇ ಕಟ್ಟಪ್ಪಣೆ, ಗೋಡೆಗೆ ಅಂಟಿಸಿದ್ದರು. ಶಾಲೆಗೆ ಶಾಲೆಯೇ ತಿಳಿನೀರಿನಲ್ಲಿ ಮುಳುಗಿದಂತಾಯಿತು. ಕಿಟಕಿಯ ಬಿಸಿಲಲ್ಲಿ ಧೂಳಿನ ಕಣಗಳು ಕೆಳಗಿಳಿಯುವುದನ್ನು ಮರೆತು ನಿಂತವು. ಬರೆದು ಮುಗಿಸಿದ ಮಕ್ಕಳು ಡೆಸ್ಕಿಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದರು. ಕೋಣೆ ಕಾಯುತ್ತಿದ್ದ ಟೀಚರು ಕೈಗಡಿಯಾರ ನೋಡಿಕೊಂಡು, ಅಂಗಿಯ ತೋಳು ಕೆಳಗೆಳೆದು ಅದನ್ನು ಮುಚ್ಚಿದರು. ಎಷ್ಟೋ ಮುಷ್ಕರ ಕಂಡಿದ್ದೇನೆ, ಇಷ್ಟು ಸದ್ದಿಲ್ಲದ್ದನ್ನು ಕೇಳಿಲ್ಲ.

ಹೆಡ್‌ಮಾಸ್ಟರು ಹೊರಗೆ ಬಂದರು. "ಏನಮ್ಮಾ, ನಿದ್ದೆ ಬಂತಾ?"

"ಇಲ್ಲ ಸಾರ್, ಈಗ ಎಚ್ಚರ ಆಯ್ತು."

"ಗಂಟೆ ಹೊಡಿ."

"ನೀವು ಡ್ರಾಯರ್ ತೆಗೀರಿ, ಹೊಡೀತೀನಿ."

"ಕೆಲಸ ಹೋಗುತ್ತೆ, ನೋಡು."

"ಹೋಗ್ಲಿ. ನಾಳೆಯಿಂದ ಕಕ್ಕಸು ತೊಳೆಯೋಕೆ ನೀವೇ ಬರ್ತೀರಾ? ಬಕೆಟ್ ಎಲ್ಲಿದೆ ತೋರಿಸ್ಲಾ?"

ಒಳಗಿನಿಂದ ಯಾರೋ ಕಿಸಕ್ಕೆಂದರು.

"ಎಲ್ಲರಿಗೂ ಒಂದೇ ಗಂಟೆ ಅಂತ ಎಷ್ಟು ಸಲ ಹೇಳ್ಬೇಕು?"

"ಚಪ್ಪಲಿನೂ ಎಲ್ಲರಿಗೂ ಒಂದೇ ಅಳತೆ ತರಿಸಿ ಸಾರ್. ಮೊದಲು ನೀವು ಹಾಕ್ಕೊಂಡು ನಡೀರಿ."

ಅವರು ತಮ್ಮ ಕಾಲು ನೋಡಿಕೊಂಡರು. ಸುತ್ತಿಗೆ ನೋಡಿದರು. ಆಮೇಲೆ ಒಳಗೆ ಹೋದರು. ಡ್ರಾಯರು ಕಿರುಗುಟ್ಟಿದ್ದು ಜಗಲಿಯ ತುದಿಯವರೆಗೂ ಕೇಳಿಸಿತು. ಸೀಮೆಸುಣ್ಣದ ಪುಡಿ ಮೆತ್ತಿದ ಪತ್ರ ತಂದು, ಕಿಟಕಿಯ ಕಟ್ಟೆಯ ಮೇಲಿಟ್ಟು ಸಹಿ ಹಾಕಿ, ಟೀಚರ ಕೈಗೆ ಕೊಟ್ಟರು.

ಅಜ್ಜಿ ಎದ್ದು ಗಂಟೆ ಹೊಡೆದಳು.

ಮಕ್ಕಳೆಲ್ಲ ಹೊರಗೆ ಓಡಿದರು. ಖಾಲಿ ಬೆಂಚುಗಳ ನಡುವೆ ಹುಡುಗಿ ಕೂತೇ ಇದ್ದಳು. ಆ ಸದ್ದಿಗೆ ಅವಳ ಭುಜ ಮೊದಲ ಸಲ ಬೆಚ್ಚಲಿಲ್ಲ. ಟೀಚರು ಪಕ್ಕದಲ್ಲಿ ಕೂತು ಪ್ರಶ್ನೆ ಓದಿ ಹೇಳುತ್ತಿದ್ದರು. ಡೆಸ್ಕಿನ ಕೆಳಗೆ ಹುಡುಗಿಯ ಬರಿಗಾಲು ನೆಲದ ಮೇಲೆ ಅಕ್ಷರ ತಿದ್ದುತ್ತಿತ್ತು.

ಪಾಸಾದಳು. ಅಜ್ಜಿಗೆ ನೋಟಿಸ್ ಬಂತು. ಅದನ್ನು ಮೊಮ್ಮಗಳ ಕೈಲೇ ಓದಿಸಿದಳು. ಓದಿ ಮುಗಿಸಲು ಒಂದು ಸಂಜೆ ಪೂರ್ತಿ ಹಿಡಿಯಿತು. ಕೆಲಸವೇನೂ ಹೋಗಲಿಲ್ಲ, ಬಕೆಟ್ ಹಿಡಿಯುವವರು ಬೇರೆ ಯಾರೂ ಸಿಗಲಿಲ್ಲ. ಹುಡುಗಿ ಈಗ ಬಡಗಿ, ಮರದ ಮೆಟ್ಟಿಲು ಮಾಡುತ್ತಾಳೆ. ಇವತ್ತಿಗೂ ಓದುವುದು ನಿಧಾನ, ಕಾಗದ ಬಂದರೆ ಫೋನಿನಿಂದ ಓದಿಸಿ ಕೇಳುತ್ತಾಳೆ. ಅವಳ ಮೆಟ್ಟಿಲು ಹತ್ತಿ ಯಾರೂ ಎಡವಿಲ್ಲ.

ಆ ಹಳೆಯ ನಲವತ್ತು ನಿಮಿಷ ಮಾತ್ರ ಹಾಗೇ ಬಾಕಿ ಉಳಿದಿದೆ. ಅಂಥ ಡ್ರಾಯರು ಅದೊಂದೇ ಶಾಲೆಯಲ್ಲಿದೆ ಅಂದುಕೊಳ್ಳಬೇಡಿ. ನಿಮ್ಮ ಮಗು ನೀರು ಕುಡಿದ ಹಾಗೆ ಓದುತ್ತಿರಬಹುದು. ಆದರೂ ನಾಳೆ ಅದರ ಶಾಲೆಗೆ ಹೋಗಿ. ಇಂಥ ಪತ್ರ ಎಷ್ಟು ಬಂದಿವೆ, ಎಲ್ಲಿಟ್ಟಿದ್ದೀರಿ ಅಂತ ಕೇಳಿ. "ನೋಡೋಣ" ಅಂದರೆ ಅಲ್ಲೇ ಕೂರಿ. ಡ್ರಾಯರು ತೆಗೆಯುವವರೆಗೆ ಏಳಬೇಡಿ.