ಗಂಜಿಯೂ ಹೊರಗಿನ ಮೂರು ದಿನವೂ

ನಮ್ಮದು ಹೋಟೆಲಿನವರ ಮನೆ. ಮಾವ ಉಡುಪಿಯಿಂದ ಬಂದು ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಬಳಿ ಹೋಟೆಲು ಕಟ್ಟಿದವರು. ಅಂಥ ಮನೆಯ ಸೊಸೆಗೆ ಹೊಟ್ಟೆ ಸರಿಯಿಲ್ಲ ಎಂದರೆ ನಾಲ್ಕು ಜನ ಏನೆಂದಾರು? ಹಾಗಾಗಿ ನನಗೆ ಇದ್ದದ್ದು ಬರೀ ಗ್ಯಾಸ್. ಹತ್ತು ವರ್ಷ ಗ್ಯಾಸ್. ಮಾವ ಓಮದ ಪೊಟ್ಟಣ ಕಳಿಸುತ್ತಿದ್ದರು, ಗಂಡ ಮೆಡಿಕಲ್ಲಿನಿಂದ ಪುಡಿ ತರುತ್ತಿದ್ದರು, ಠಾಕುರ್ಲಿಯ ಡಾಕ್ಟರು ಗುಳಿಗೆಯ ಬಣ್ಣ ಬದಲಿಸಿ ಬದಲಿಸಿ ಕೊಡುತ್ತಿದ್ದರು.

ಮುಟ್ಟಿಗೆ ಎರಡು ದಿನ ಮೊದಲೇ ಹೊಟ್ಟೆ ಉಬ್ಬಿ ಸಲ್ವಾರಿನ ಲಾಡಿ ಕಚ್ಚುತ್ತಿತ್ತು. ಕಕ್ಕಸಿಗೆ ಕೂತರೆ ಒಳಗೆ ಕತ್ತರಿ ಆಡಿಸಿದಂಥ ನೋವು. ಒಮ್ಮೆ ಠಾಣೆ ಊರಿನಲ್ಲಿದ್ದ ನನ್ನ ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ಯಾರೋ ಹುಡುಗಿ ನನ್ನ ಹೊಟ್ಟೆ ನೋಡಿ ಎದ್ದು ಸೀಟು ಬಿಟ್ಟುಕೊಟ್ಟಳು. ಬಸುರಿಯಲ್ಲ ಎನ್ನುವಷ್ಟು ತ್ರಾಣವಿರಲಿಲ್ಲ, ಕೂತುಬಿಟ್ಟೆ. ಮಕ್ಕಳಿಲ್ಲದೆ ಆಗ ಆರು ವರ್ಷವಾಗಿತ್ತು. ಠಾಣೆ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿದ್ದೆ.

ಮನೆಯಲ್ಲಿ ಇನ್ನೊಂದು ಫಜೀತಿ. ನಮ್ಮಲ್ಲಿ ಆ ಮೂರು ದಿನ ಹೆಂಗಸರು ಹೊರಗೆ. ಫ್ಲಾಟಿನಲ್ಲಿ ಹೊರಗೆ ಎಂದರೆ ಬಾಲ್ಕನಿಗೆ ತಾಗಿದ ಸಣ್ಣ ಕೋಣೆ, ಒಂದು ಚಾಪೆ, ನೆಲದ ಮೇಲೆ ದೂರದಿಂದ ಸರಿಸಿಕೊಡುವ ಬಟ್ಟಲು. ಲೋಕಲ್ಲಿನಲ್ಲಿ ನೂರು ಜನರಿಗೆ ಮೈ ಒತ್ತಿಕೊಂಡು ಹೋಗಬಹುದು, ಒಲೆ ಮಾತ್ರ ಮುಟ್ಟಬಾರದು. ಬೆಳಿಗ್ಗೆ ಐದಕ್ಕೆ ಏಳಬೇಕಿಲ್ಲ, ಅದೊಂದು ಸುಖ. ಆದರೆ ನನ್ನ ಹೊಟ್ಟೆ ಕೇಳುತ್ತಿದ್ದದ್ದು ನೀರು ಗಂಜಿ, ಉಪ್ಪು, ಒಂದು ಚಮಚ ತುಪ್ಪ. ಬರುತ್ತಿದ್ದದ್ದು ಹೋಟೆಲಿನ ಡಬ್ಬ. ಪೂರಿ ಭಾಜಿ, ವಡೆ, ಬೇಳೆ ಗಟ್ಟಿಯಾದ ಸಾಂಬಾರು. ಮಾವ ಪ್ರೀತಿಯಿಂದಲೇ ಕಳಿಸುತ್ತಿದ್ದರು, ಇಲ್ಲವೆನ್ನಲಾರೆ. ಗಂಜಿ ಬೇಕೆಂದು ಒಮ್ಮೆ ಅತ್ತೆಯನ್ನು ಕೇಳಿದೆ. ಜ್ವರವಿಲ್ಲದೆ ಹೋಟೆಲಿನವರ ಮನೆಯಲ್ಲಿ ಯಾರಾದರೂ ಗಂಜಿ ಕುಡಿಯುತ್ತಾರಾ ಎಂದು ನಕ್ಕರು. ಮತ್ತೆ ಕೇಳಲಿಲ್ಲ. ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕೊನೆಗೆ ನವಿ ಮುಂಬಯಿಯ ಡಾಕ್ಟರಮ್ಮ ಒಬ್ಬರು ತಿಂದದ್ದು, ನೋವು, ತಾರೀಕು ಎಲ್ಲ ಬರೆದಿಡಲು ಹೇಳಿದರು. ಮೂರು ತಿಂಗಳಲ್ಲಿ ಗೊತ್ತಾಯಿತು, ಬೇಳೆ ಅರ್ಧ ಕಳ್ಳ, ದೊಡ್ಡ ಕಳ್ಳ ಮುಟ್ಟಿನ ತಾರೀಕು. ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡಿದರು. ಗರ್ಭಕೋಶದ ಒಳಪದರದಂಥದ್ದೇ ಏನೋ ಬೆಳೆದು ಕರುಳಿಗೆ ಅಂಟಿಕೊಂಡಿತ್ತು. ಎಂಡೊಮೆಟ್ರಿಯಾಸಿಸ್ ಎಂದರು. ಹಾಗಾದರೆ ನಮ್ಮ ಅಡುಗೆಯ ತಪ್ಪಲ್ಲ ಎಂದು ಮಾವ ನಿರಾಳವಾಗಿ ಹೋಟೆಲಿಗೆ ಹೋದರು.

ಮುಟ್ಟು ನಿಲ್ಲಿಸುವ ಗುಳಿಗೆ ಶುರುವಾಯಿತು. ದಿನಾ ಊಟವಾದ ಮೇಲೆ ಅತ್ತೆಯೇ ನೆನಪಿಟ್ಟು ಕೈಗೆ ಕೊಡುತ್ತಿದ್ದರು. ನೋವು ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಹೊಟ್ಟೆ ಆಗಾಗ ಹಳೆಯ ಆಟ ಆಡುತ್ತಿತ್ತು. ಬೇಕಾದಾಗ ಗಂಜಿ ಬೇಯಿಸಿಕೊಳ್ಳಬಹುದಾಗಿತ್ತು, ಸರಿ. ಹೊರಗಿನ ಮೂರು ದಿನ ಮಾತ್ರ ಕೈಬಿಟ್ಟುಹೋದವು. ಮುಟ್ಟೇ ಇಲ್ಲದವಳಿಗೆ ಎಲ್ಲಿಯ ರಜೆ? ತಿಂಗಳಿಡೀ ಐದಕ್ಕೆ ಒಲೆ, ಆಮೇಲೆ ಲೋಕಲ್ಲು, ಸಂಜೆ ಮತ್ತೆ ಒಲೆ. ಸಾಕಾಗಿ ಹೋಯಿತು ನನಗೆ.

ಒಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಎದ್ದೆ, ನೆಟ್ಟಗೆ ನಿಲ್ಲಲಾಗಲಿಲ್ಲ. ಸ್ನಾನ ಮುಗಿಸಿದ ಅತ್ತೆ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದರು. ಹೊಟ್ಟೆನೋವು ಎಂದರೆ ಓಮ ಬರುತ್ತದೆ. ಬಾಗಿಲಲ್ಲೇ ನಿಂತು ಸುಳ್ಳು ಹೇಳಿದೆ.

"ಅತ್ತೇ, ನಾನು ಹೊರಗೆ."

ಅತ್ತೆ ತಲೆಯೆತ್ತಿ ನನ್ನ ಮುಖ ನೋಡಿದರು. ಹಿಂದಿನ ದಿನವೂ ಗುಳಿಗೆ ಕೊಟ್ಟವರು ಅವರೇ. ಅದೂ ದೇವರ ಎದುರಿನ ಸುಳ್ಳು, ಬೈಗುಳ ಖಂಡಿತ ಎಂದುಕೊಂಡೆ.

"ಆಯ್ತು ಮಗಾ, ಹೋಗಿ ಮಲಗು. ಮೂರು ದಿನ ಅಡುಗೆಮನೆ ಕಡೆ ಬರುವುದು ಬೇಡ."

ಚಾಪೆಯ ಮೇಲೆ ಮುದುಡಿ ಮಲಗಿದೆ. ಕುಕ್ಕರು ಮೂರು ಸಲ ಕೂಗಿತು. ಸ್ವಲ್ಪ ಹೊತ್ತಿಗೆ ಅತ್ತೆ ಬಟ್ಟಲು ಹಿಡಿದು ಒಳಗೇ ಬಂದರು, ಪಕ್ಕದಲ್ಲಿ ಕೂತು ನನ್ನ ಕೈಗೆ ಕೊಟ್ಟರು. ಬೆರಳಿಗೆ ಬೆರಳು ತಾಗಿತು. ನೀರು ಗಂಜಿ, ಮೇಲೆ ಒಂದು ಚಮಚ ತುಪ್ಪ. ನಾನು ಕುಡಿದು ಮುಗಿಸುವವರೆಗೆ ಬೆನ್ನು ಸವರುತ್ತಾ ಕೂತಿದ್ದು, ಆಮೇಲೆ ಎದ್ದುಹೋಗಿ, ಮತ್ತೆ ಸ್ನಾನ ಮಾಡದೆ, ದೇವರ ಮುಂದೆ ಬತ್ತಿ ಹೊಸೆಯಲು ಕೂತರು.