ಹಸುವಿನ ಬಾಗಿಲಿಗೆ ಸತುವಿನ ಲೇಪ

ಕಗ್ಗದಾಸಪುರದ ನಮ್ಮ ಮನೆಯ ಕೆಳಗೆ ಕಾರು ನಿಲ್ಲಬೇಕಾದ ಜಾಗದಲ್ಲಿ ಒಂದು ಹಸು ನಿಲ್ಲುತ್ತದೆ. ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ಹಲಸೂರಿನಲ್ಲಿ ಹುಟ್ಟಿ ಪ್ಯಾಕೆಟ್ ಹಾಲು ಕುಡಿದು ಬೆಳೆದ ನನಗೆ ಮದುವೆಯಾದ ಹೊಸದರಲ್ಲಿ ಈ ಏರ್ಪಾಡು ಅರ್ಥವಾಗಿರಲಿಲ್ಲ. ಈಗ ಆಗಿದೆ. ಈ ಮನೆಯಲ್ಲಿ ಮೊದಲ ಮರ್ಯಾದೆ ಹಸುವಿಗೆ, ಆಮೇಲೆ ಅತ್ತೆಗೆ, ಆಮೇಲೆ ಬಾಡಿಗೆದಾರರಿಗೆ. ಇನ್ನೂ ಏನಾದರೂ ಉಳಿದಿದ್ದರೆ ನಾನೂ ನಮ್ಮ ಯಜಮಾನರೂ ಹಂಚಿಕೊಳ್ಳಬೇಕು.

ಅತ್ತೆಯ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮನೆಗಳಾದ ಮೇಲೆ ಅವರಿಗೆ ಅಂತ ಉಳಿದದ್ದು ಈ ಹಸು ಒಂದೇ. ಹುಟ್ಟುತ್ತಲೇ ತಾಯಿ ಸತ್ತದ್ದರಿಂದ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದರಂತೆ. ಅದನ್ನು ಕಟ್ಟಿಹಾಕುವಂತಿಲ್ಲ. ಕಟ್ಟಿದರೆ ಮುನಿಸಿಕೊಂಡು ಹಾಲು ಕೊಡುವುದಿಲ್ಲ, ಹಗ್ಗವನ್ನೂ ತಿಂದುಹಾಕುತ್ತದೆ. ಹಾಗಾಗಿ ಎಲ್ಲ ಭಾರವೂ ಕೊಟ್ಟಿಗೆಯ ಬಾಗಿಲಿನ ಮೇಲೆ. ಆ ಬಾಗಿಲೋ ಬಣ್ಣ ಬಳಿದ ಮಾಮೂಲಿ ತಗಡು. ಗಂಜಲ ಬಿದ್ದು ಬಿದ್ದು ಅದರ ಬುಡ ಹಪ್ಪಳವಾಗಿತ್ತು. ಒಂದು ದಿನ ಹಸು ಅದನ್ನು ಕೊಂಬಿನಿಂದ ತಿವಿದು ಮುರಿದು, ಮೂಲೆಯ ಬೇಕರಿಗೆ ಹೋಗಿ, ಹೊರಗಿಟ್ಟಿದ್ದ ದಿಲ್‌ಪಸಂದ್ ತಟ್ಟೆಯನ್ನು ಪೂರ್ತಿ ನೆಕ್ಕಿ ಬಂತು. ಬೇಕರಿಯವನು ಜಗಳಕ್ಕೆ ಬಂದ. ಯಜಮಾನರು ನಿಂತ ಜಾಗದಲ್ಲೇ ತೀರ್ಪು ಕೊಟ್ಟರು.

“ಇನ್ನೊಂದ್ಸಲ ಇದು ರೋಡಿಗೆ ಬಂದ್ರೆ ಹೊಸಕೋಟೆ ಚಿಕ್ಕಮ್ಮನ ಮನೆಗೆ ಕಳಿಸ್ಬಿಡ್ತೀನಿ, ಅಷ್ಟೇ. ಟೆಂಪೋದವನಿಗೂ ಹೇಳಿಟ್ಟಿದ್ದೀನಿ.”

ಮರುದಿನ ಅತ್ತೆ ನನ್ನನ್ನೂ ಆಟೋದಲ್ಲಿ ಹತ್ತಿಸಿಕೊಂಡು ಶಿವಾಜಿನಗರಕ್ಕೆ ಹೋಗಿ, ಮಾವನ ಕಾಲದಿಂದ ಪರಿಚಯವಿದ್ದ ವೆಲ್ಡಿಂಗ್ ಅಂಗಡಿಯ ಸಾಬರನ್ನು ಹಿಡಿದರು. ಸಾಬರ ಗಡ್ಡಕ್ಕೆ ವಯಸ್ಸಾಗಿದೆ, ನಾಲಿಗೆಗೆ ಆಗಿಲ್ಲ.

“ತುಕ್ಕು ಹಿಡೀಬಾರ್ದು ಅಂದ್ರೆ ಜಿಐ ಶೀಟ್ ಹಾಕೋಣ ಅಮ್ಮ. ಮೇಲೆ ಸತು ಕೋಟಿಂಗ್, ಅಂದ್ರೆ ಲೇಪ ಇರುತ್ತೆ. ಅದು ಇರೋ ತನಕ ಒಳಗಿನ ಕಬ್ಬಿಣಕ್ಕೆ ಏನೂ ಆಗಲ್ಲ” ಎಂದರು.

ಅತ್ತೆ ಒಪ್ಪಿದರು. ಸಾಬರು ಮನೆಗೆ ಬಂದು, ಶೀಟು ಕತ್ತರಿಸಿ, ಮೊದಲು ಮಾಡಿದ ಕೆಲಸವೆಂದರೆ ಅದರ ಅಂಚಿನ ಸತುವನ್ನು ಗ್ರೈಂಡರಿನಲ್ಲಿ ಉಜ್ಜಲು ಹೊರಟದ್ದು. ಅತ್ತೆ ಒಳಗಿನಿಂದ ಓಡಿಬಂದರು.

“ಏನ್ ಸಾಬ್ರೇ ಇದು? ಸತು ಇದೆ ಅಂತ ತಾನೇ ತಗೊಂಡಿದ್ದು? ಬಂದ ತಕ್ಷಣ ಉಜ್ಜಿ ಹಾಕ್ತಿದ್ದೀರಲ್ಲ!”

“ಬೆಸುಗೆ ಬೀಳೋ ಜಾಗದಲ್ಲಿ ಮಾತ್ರ ಅಮ್ಮ. ಸತು ಮೇಲೇ ಬೆಂಕಿ ಹಾಕಿದ್ರೆ ಬೆಸುಗೆ ಸರಿಯಾಗಿ ಕೂರಲ್ಲ. ಬಿಳಿ ಹೊಗೆ ಬರುತ್ತೆ, ಅದನ್ನ ಕುಡಿದ್ರೆ ನನಗೆ ಚಳಿಜ್ವರ.”

“ಉಗುರಿನಷ್ಟೂ ಉಜ್ಜೋ ಹಾಗಿಲ್ಲ.”

“ಹಂಗಾದ್ರೆ ಗೋಂದು ಕೊಡಿ, ಅಂಟಿಸಿ ಹೋಗ್ತೀನಿ.”

ಕೊನೆಗೆ ಒಂದು ಬೆರಳಗಲ ಉಜ್ಜುವುದು, ಬೆಸೆದ ಮೇಲೆ ಅಲ್ಲಿಗೆ ಸತುವಿನ ಪುಡಿ ಬೆರೆತ ಬಣ್ಣ ಬಳಿಯುವುದು ಎಂದು ರಾಜಿಯಾಯಿತು. ಆದರೂ ಅತ್ತೆಗೆ ನಂಬಿಕೆ ಇಲ್ಲ. ಎರಡು ತುಂಡು ಬೆಸೆಸಿ, ಒಂದಕ್ಕೆ ಬಣ್ಣ ಬಳಿಸಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡನ್ನೂ ಗಂಜಲದ ಬಕೆಟ್ಟಿನಲ್ಲಿ ನೆನೆಹಾಕಿ ಹತ್ತು ದಿನ ಮೆಟ್ಟಿಲ ಕೆಳಗಿಟ್ಟರು. ಅಷ್ಟೂ ದಿನ ಕೊಟ್ಟಿಗೆಗೆ ಹಲಗೆ ಅಡ್ಡವಿಟ್ಟು ತಾವೇ ಕುರ್ಚಿ ಹಾಕಿಕೊಂಡು ಕಾದರು. ಬಾಡಿಗೆದಾರರು ಮೂಗು ಮುಚ್ಚಿಕೊಂಡು ಮೆಟ್ಟಿಲು ಹತ್ತಿದರು. ಬಣ್ಣವಿಲ್ಲದ ಬೆಸುಗೆ ಕೆಂಪಗಾಯಿತು, ಬಣ್ಣವಿದ್ದದ್ದು ಬೆಳ್ಳಗೇ ಉಳಿಯಿತು. “ಸಾಬ್ರು ಸುಳ್ಳು ಹೇಳಿಲ್ಲ” ಎಂದು ಅತ್ತೆ ಸ್ವಲ್ಪ ನಿರಾಸೆಯಿಂದಲೇ ಒಪ್ಪಿಕೊಂಡರು.

ಸಾಬರು ಮತ್ತೆ ಬಂದು ಬಾಗಿಲು ಬೆಸೆದರು. ಎಷ್ಟು ಉಜ್ಜಿದರೂ ಬೆಸೆಯುವಾಗ ಒಂದಿಷ್ಟು ಹೊಗೆ ಎದ್ದೇ ಎದ್ದಿತು. ಜಿಐ ಕೆಲಸ ಮಾಡಿಸಿದವರು ವೆಲ್ಡರಿಗೆ ಹಾಲು ಕೊಡುವುದು ಆ ಕಸುಬಿನ ರೂಢಿಯಂತೆ. ಹಾಲಿಗೂ ಹೊಗೆಗೂ ಏನು ಸಂಬಂಧವೋ ನಾನರಿಯೆ. ಸಾಬರಂತೂ ಕೆಲಸ ಮುಗಿಸಿ ಹಾಲಿಗಾಗಿ ಕಾದು ಕೂತರು. ಅತ್ತೆ ಒಳಗೆ ಹೋದರು. ಒಲೆ ಹಚ್ಚುವ ಮೊದಲು ನಲ್ಲಿ ತಿರುಗಿಸಿದ ಸದ್ದು ನನಗೆ ಕೇಳಿತು. ಸಾಬರು ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಓರೆ ಮಾಡಿ ನೋಡಿದರು.

“ಅಮ್ಮ, ಕೋಟಿಂಗ್ ಸ್ವಲ್ಪ ತೆಳ್ಳಗಿದೆ.”

“ಹಸು ಕೊಟ್ಟಿದ್ದೇ ಅಷ್ಟು.” ಅತ್ತೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಬಾಗಿಲು ಗಟ್ಟಿಯಾಗಿತ್ತು. ಹಸು ತಿವಿಯಿತು, ಒದೆಯಿತು, ಬೇಸತ್ತು ಬಿಟ್ಟಿತು. ಮಳೆಗಾಲ ಕಳೆದರೂ ಎಲ್ಲೂ ತುಕ್ಕಿನ ಚುಕ್ಕೆ ಇಲ್ಲ. ಆಮೇಲೆ ಯಜಮಾನರು ಕೋಲಾರಕ್ಕೆ ಮದುವೆಗೆಂದು ಹೋದ ದಿನ, ನಾನು ಟೆರೇಸಿನಲ್ಲಿ ಬಟ್ಟೆ ಹರವುತ್ತಾ ಕೆಳಗೆ ನೋಡಿದರೆ ಹಸು ಬೇಕರಿಯ ಮುಂದೆ ನಿಂತಿದೆ!

ಅತ್ತೆಯೂ ನಾನೂ ಓಡಿಹೋಗಿ ಬಾಳೆಹಣ್ಣಿನ ಸಿಪ್ಪೆ ತೋರಿಸುತ್ತಾ ಕರೆತಂದು ಚಿಲಕ ಹಾಕಿದೆವು. ಬಾಗಿಲು ಹೊಸದರಂತೆಯೇ ಇತ್ತು. ಹಾಗಾದರೆ ಹೊರಗೆ ಬಂದದ್ದು ಹೇಗೆ? ನಾವು ನೋಡುತ್ತಿದ್ದಂತೆಯೇ ಹಸು ಬಾಗಿಲಿನ ಮೇಲಿನಿಂದ ಕತ್ತು ಚಾಚಿ, ನಾಲಿಗೆಯಿಂದ ಚಿಲಕವನ್ನು ಎತ್ತಿ, ನೀಟಾಗಿ ಪಕ್ಕಕ್ಕೆ ಸರಿಸಿತು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ.

“ಸಾಬ್ರಿಗೆ ಫೋನ್ ಮಾಡು. ನಿನ್ನ ಗಂಡ ಬರೋದ್ರೊಳಗೆ ಬೀಗದ ಕೊಂಡಿ ಬೆಸೆದಿರ್ಬೇಕು.”

ಸಾಬರು ಕೆ.ಆರ್. ಪುರದಲ್ಲಿ ಯಾವುದೋ ಕೆಲಸದ ನಡುವೆ ಇದ್ದರು. ಬಂದು ಬೆಸೆದು ಹೋಗುತ್ತೇನೆ, ಆದರೆ ಉಜ್ಜುತ್ತಾ ಕೂರಲು ಪುರುಸೊತ್ತಿಲ್ಲ ಎಂದರು. ಅದನ್ನು ಹೇಳಲು ಕೆಳಗೆ ಬಂದರೆ ಅತ್ತೆ ಆಗಲೇ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಉಪ್ಪುಕಾಗದ ಹಿಡಿದು ಸತು ಉಜ್ಜುತ್ತಿದ್ದರು. ಉಗುರಿನಷ್ಟೂ ಉಜ್ಜಲು ಬಿಡುವುದಿಲ್ಲ ಎಂದಿದ್ದ ಅದೇ ಅತ್ತೆ.

“ಹೊಸಕೋಟೆಗೆ ಹೋಗ್ತೀಯೇನೇ?” ಎಂದು ಹಸುವನ್ನು ಬೈಯುತ್ತಿದ್ದರು. “ಅಲ್ಲಿ ನಿನ್ನ ಕಟ್ಟಿಹಾಕ್ತಾರೆ, ಗೊತ್ತಾ?” ಕಣ್ಣಲ್ಲಿ ನೀರು ತುಂಬಿತ್ತು. ಈ ಹಸು ತೊಲಗಿದರೆ ಕಾರಿಗೆ ಜಾಗವಾದೀತು ಎಂದು ನಾನು ಎಷ್ಟೋ ಸಲ ಅಂದುಕೊಂಡವಳು. ಆದರೂ ಅತ್ತೆಯನ್ನು ಹಾಗೆ ನೋಡಿದ ಮೇಲೆ ಇನ್ನೊಂದು ಉಪ್ಪುಕಾಗದ ತಂದು ಪಕ್ಕದಲ್ಲಿ ಕೂತೆ.

ಸಾಬರು ಬಂದು ಕೊಂಡಿ ಬೆಸೆದು, ಬಣ್ಣ ಬಳಿದರು. ಕೇಳುವ ಮೊದಲೇ ಅತ್ತೆ ಹಾಲು ತಂದಿಟ್ಟರು. ಈ ಸಲ ನಲ್ಲಿಯ ಸದ್ದು ಕೇಳಿರಲಿಲ್ಲ. ಸಾಬರ ಮೀಸೆಗೆ ಕೆನೆ ಅಂಟಿತು.

“ಅಮ್ಮ, ಇವತ್ತು ಕೋಟಿಂಗ್ ಗಟ್ಟಿಯಾಗಿದೆ.”

“ಮಾತು ಸಾಕು, ಕುಡಿದು ಹೊರಡಿ ಸಾಬ್ರೇ. ಮಗ ಬರ್ತಾನೆ.” ಅತ್ತೆ ಕೊಂಡಿಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡರು.

ಸಂಜೆ ಯಜಮಾನರು ಬಂದು ಮೆಟ್ಟಿಲ ಮೇಲೆ ಕೂತು ಕಾಫಿ ಹಿಡಿದರು. ಕೊಟ್ಟಿಗೆಯಿಂದ ಟಣ್ ಎಂಬ ಸದ್ದು. ಅತ್ತೆ ನನ್ನನ್ನು ನೋಡಿದರು. ಮತ್ತೆ ಟಣ್, ಟಣ್. ಬೀಗ ಕದಲಲಿಲ್ಲ. ಸದ್ದು ನಿಂತಿತು. ಯಜಮಾನರ ಗಮನವೆಲ್ಲ ಲೋಟದ ಮೇಲಿತ್ತು.

“ಅಮ್ಮ, ಕಾಫಿ ಯಾಕೆ ಇಷ್ಟು ನೀರ್ ನೀರಾಗಿದೆ?”

“ಹಸು ಕೊಟ್ಟಿದ್ದೇ ಅಷ್ಟು ಕಣಪ್ಪಾ” ಎಂದರು ಅತ್ತೆ.